ಹಗಲು ನಿದ್ದೆಯ ಒಪ್ಪಂದ

ನನ್ನ ರಾತ್ರಿ ಶುರುವಾಗುವುದು ಬೆಳಿಗ್ಗೆ ಒಂಬತ್ತು ಗಂಟೆಗೆ. ಮೂಡುಬಿದಿರೆಯ ಆಸ್ಪತ್ರೆಯೊಂದರಲ್ಲಿ ನಾನು ನರ್ಸ್. ಕಾಯಂ ನೈಟ್ ಡ್ಯೂಟಿ. ಲೋಕವೆಲ್ಲ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತುವ ಹೊತ್ತಿಗೆ ನಾನು ಬಸ್ಸಿನಿಂದ ಇಳಿಯುತ್ತೇನೆ. ಸಿದ್ಧಕಟ್ಟೆಗೆ ಸ್ವಲ್ಪ ಈಚೆ, ಗುಡ್ಡದ ಬದಿಯ ಓಣಿಯಲ್ಲಿ ನಮ್ಮ ಮನೆ. ಸ್ನಾನ ಮಾಡಿ, ಗಂಜಿ ಉಂಡು, ಕಿಟಕಿಗೆ ಹಳೆಯ ಬೆಡ್‌ಶೀಟ್ ಕಟ್ಟಿ ಮಲಗುತ್ತೇನೆ. ಮಲಗುವುದಷ್ಟೇ ನನ್ನ ಕೈಯಲ್ಲಿರುವುದು. ನಿದ್ದೆ ಬೇರೆಯವರ ಕೈಯಲ್ಲಿದೆ.

ಈ ಪಾಳಿಯನ್ನು ನಾನೇ ಕೇಳಿ ಹಾಕಿಸಿಕೊಂಡದ್ದು. ಅತ್ತೆ, ಅಂದರೆ ಗಂಡನ ತಾಯಿ, ಒಮ್ಮೆ ಬಚ್ಚಲಲ್ಲಿ ಜಾರಿ ಬಿದ್ದ ಮೇಲೆ ಅವರೊಬ್ಬರನ್ನೇ ಮನೆಯಲ್ಲಿ ಬಿಡುವ ಹಾಗಿರಲಿಲ್ಲ. ಗಂಡ ಕನ್ನಡ ಮಾಷ್ಟ್ರು. ಮಾಣಿಯ ಕಡೆಯ ಶಾಲೆಗೆ ಬೆಳಿಗ್ಗೆ ಹೋದರೆ ಬರುವುದು ಸಂಜೆಗೆ. ಆದ್ದರಿಂದ ರಾತ್ರಿ ಅವರು, ಹಗಲು ನಾನು ಎಂದು ಅತ್ತೆಯನ್ನು ಹಂಚಿಕೊಂಡೆವು. ಹಗಲಿಡೀ ನಾನು ಅತ್ತೆಯ ಜೊತೆಗೇ ಇರುತ್ತೇನೆ, ಕಣ್ಣು ಮುಚ್ಚಿಕೊಂಡು. ಆ ನಿದ್ದೆ ಸರಿಯಾಗಿ ಆಗದಿದ್ದರೆ ವಾರ್ಡಿನಲ್ಲಿ ಇಂಜೆಕ್ಷನ್ ತುಂಬುವಾಗ ಕಣ್ಣು ಎಳೆಯುತ್ತದೆ. ಎಳೆಯುವ ಕಣ್ಣು ಇಟ್ಟುಕೊಂಡು ಮಾಡುವ ಕೆಲಸವಲ್ಲ ಇದು. ನಿದ್ದೆ ಹೋದರೆ ಈ ಪಾಳಿ ಬಿಡಬೇಕು, ಪಾಳಿ ಬಿಟ್ಟರೆ ಅತ್ತೆಗೆ ಹಗಲಿಗೆ ಯಾರೂ ಇಲ್ಲ. ನನಗೆ ಭಯ ಇದ್ದದ್ದು ಇದೊಂದೇ.

ಮಂಗಳೂರಿನಲ್ಲಿ ಇಳಿಯುವ ವಿಮಾನಗಳು ಗಾಳಿ ನೋಡಿಕೊಂಡು ಕೆಲವು ದಿನ ನಮ್ಮ ಗುಡ್ಡದ ಮೇಲಿನಿಂದ ಬರುತ್ತವೆ. ಬಾಲದ ಬಣ್ಣ ಕಾಣುವಷ್ಟು ಕೆಳಗೆ. ಹಗಲು ಬರುವವು ನನ್ನ ನಿದ್ದೆಯ ಮೇಲೆ ಹೋಗುತ್ತವೆ, ನಸುಕಿಗೆ ಬರುವ ಗಲ್ಫ್ ವಿಮಾನಗಳು ಊರಿನ ನಿದ್ದೆಯ ಮೇಲೆ. ಊರಿನ ನಿದ್ದೆಗೆ ಕೇಳುವವರಿದ್ದರು.

ಕೇಳಿದವರು ಪಕ್ಕದ ಮನೆಯ ಕಾಕ. ನಮ್ಮ ಕಡೆಯ ಮುಸ್ಲಿಮರಾದ ಬ್ಯಾರಿಗಳು, ಮಗ ಈಗಲೂ ದುಬೈಯಲ್ಲಿದ್ದಾನೆ. ಇವರೂ ಅಲ್ಲಿಯೇ ಒಂದು ಗೋದಾಮಿನಲ್ಲಿ ದುಡಿದು, ಸಾಕೆಂದು ಬಂದು ಕೂತವರು. ಅಲ್ಲಿ ಅವರ ಕೋಣೆ ವಿಮಾನ ನಿಲ್ದಾಣದ ಗೋಡೆಗೆ ತಾಗಿಯೇ ಇತ್ತಂತೆ. ಹಾಗಿದ್ದರೆ ಇಲ್ಲಿ ಯಾಕೆ ನಿದ್ದೆ ಬರುವುದಿಲ್ಲ ಎಂದು ನಾನು ಕೇಳಿದ್ದೆ.

"ಅಲ್ಲಿ ಅದಕ್ಕೆ ಸಂಬಳ ಇತ್ತು ಸಿಸ್ಟರ್," ಎಂದರು ಕಾಕ.

ನಾವೆಲ್ಲ ಆಡುವುದು ತುಳುವಿನಲ್ಲಿ. ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. 'ಸಿಸ್ಟರ್' ಮಾತ್ರ ಎರಡು ಭಾಷೆಯಲ್ಲೂ ಸಿಸ್ಟರೇ.

ವಿಮಾನದ ಶಬ್ದಕ್ಕೆ ದೇಶದೇಶಗಳು ಸೇರಿ ಒಪ್ಪಂದ ಮಾಡಿಕೊಂಡಿವೆ, ಎಷ್ಟೋ ಊರುಗಳಲ್ಲಿ ರಾತ್ರಿ ವಿಮಾನ ಇಳಿಯುವ ಹಾಗೆಯೇ ಇಲ್ಲ ಎಂದು ಮಗ ಫೋನಿನಲ್ಲಿ ಹೇಳಿದ ದಿನದಿಂದ ಕಾಕನಿಗೆ ಆವೇಶ ಬಂತು. ನಮ್ಮ ಊರಿನಲ್ಲೂ ಒಂದು ಸಭೆ ಆಗಬೇಕು, ವಿಮಾನ ನಿಲ್ದಾಣದ ಅಧಿಕಾರಿಯೊಬ್ಬರನ್ನು ಕರೆಸಬೇಕು, ರಾತ್ರಿಯ ವಿಮಾನಗಳನ್ನೆಲ್ಲ ಹಗಲಿಗೆ ಹಾಕಿಸಬೇಕು. ಕರಪತ್ರ ಬರೆದುಕೊಡುವ ಕೆಲಸ ನನ್ನ ಗಂಡನ ಪಾಲಿಗೆ ಬಂತು. ಹಗಲಿಗೆ ಹಾಕಿಸುವುದೆಂದರೆ ಎಲ್ಲಿಗೆ, ಯಾರ ತಲೆಯ ಮೇಲೆ ಎಂದು ಆ ಮನುಷ್ಯನಿಗೆ ಹೊಳೆಯಲೇ ಇಲ್ಲ. ಅವರ ಚಿಂತೆ ಬೇರೆಯೇ ಇತ್ತು.

"ಶಬ್ದ ಅಂತ ಬರೆದರೆ ಪದ ಅಂತಲೂ ಅರ್ಥ ಆಗ್ತದೆ," ಎಂದು ಪೆನ್ನು ಕಚ್ಚಿಕೊಂಡು ಕೂತರು. "ಸದ್ದು ಅಂದರೆ ತೀರ ಸಣ್ಣದು. ಗಲಾಟೆ ಅಂದರೆ ಪೊಲೀಸರು ಬರ್ತಾರೆ. ಬೊಬ್ಬೆ ಹೊಡೆಯುವುದು ಮನುಷ್ಯರು, ವಿಮಾನ ಅಲ್ಲ."

ಕಡೆಗೆ ನಿಘಂಟು ತೆಗೆದು, ಗದ್ದಲ ಎಂಬ ಅರ್ಥದ 'ಗೌಜು' ಎಂಬ ಪದವನ್ನು ಹಿಡಿದರು. ವಿಮಾನದ ಗೌಜು ನಿಯಂತ್ರಣ ಸಭೆ. ನಿಘಂಟಿನ ಪ್ರಕಾರ ಅದು ತುಂಬಾ ಸರಿ. ಅಚ್ಚು ಮಾಡಿದವನಿಗೆ ಮಾತ್ರ ಸರಿ ಕಾಣಲಿಲ್ಲ. ಮಾಷ್ಟ್ರು ಬರೆದದ್ದರಲ್ಲೂ ಕಾಗುಣಿತ ತಪ್ಪಿದೆಯಲ್ಲ ಎಂದು ಮರುಕಪಟ್ಟು, ಪುಕ್ಕಟೆಯಾಗಿ ತಿದ್ದಿ, 'ವಿಮಾನದ ಗೌಜಿ' ಎಂದು ದಪ್ಪ ಅಕ್ಷರದಲ್ಲಿ ಹಾಕಿದ. 'ನಿಯಂತ್ರಣ ಸಭೆ' ಆ ಸಾಲಿನಲ್ಲಿ ಹಿಡಿಯದೆ ಕೆಳಗಿನ ಸಾಲಿಗೆ ಸಣ್ಣದಾಗಿ ಹೋಯಿತು. ಅದರ ಕೆಳಗೆ, ಮದುವೆ ಕಾಗದ ಮಾಡಿ ಮಾಡಿ ಕೈಗೆ ಹತ್ತಿದ ಅಭ್ಯಾಸದಿಂದ, 'ಸರ್ವರಿಗೂ ಆದರದ ಸ್ವಾಗತ' ಎಂದೂ ಸೇರಿಸಿದ.

ನಮ್ಮ ಕಡೆ ಗೌಜಿ ಎಂದರೆ ಸಂಭ್ರಮ. ಮದುವೆ ಭಾರೀ ಗೌಜಿ ಇತ್ತು ಎಂದರೆ ಕಡೆಗೆ ಐಸ್‌ಕ್ರೀಮೂ ಇತ್ತು ಎಂದರ್ಥ. ಕರಪತ್ರ ಊರಿಡೀ ಹಂಚಿ ಮುಗಿದ ಮೇಲೆಯೇ ಗಂಡ ಅದನ್ನು ಓದಿದ್ದು. ಆ ದಿನ ಅವರು ಊಟ ಮಾಡಲಿಲ್ಲ. ನಾನು ಬಹಳ ದಿನದ ಮೇಲೆ ಹೊಟ್ಟೆ ತುಂಬಾ ನಕ್ಕೆ.

ಸಭೆ ಭಾನುವಾರ ಬೆಳಿಗ್ಗೆ, ನಮ್ಮ ಮನೆಯ ಎದುರಿನ ಶಾಲೆಯ ಮೈದಾನದಲ್ಲಿ. ನಾನು ಶನಿವಾರದ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿ ಇನ್ನೇನು ಕಣ್ಣು ಹತ್ತಬೇಕು, ಕಿಟಕಿಯ ಹೊರಗೆ ಯಾರೋ "ಹಲೋ, ಹಲೋ, ಮೈಕ್ ಚೆಕ್" ಎಂದರು. ಶಬ್ದ ಕಡಿಮೆ ಮಾಡುವ ಸಭೆಗೆ ಎರಡು ದೊಡ್ಡ ಹಾರ್ನ್ ಸ್ಪೀಕರುಗಳನ್ನು ಕಟ್ಟಿದ್ದರು. ಒಂದರ ಬಾಯಿ ರಸ್ತೆಯ ಕಡೆಗಿತ್ತು, ಇನ್ನೊಂದರದು ನನ್ನ ದಿಂಬಿನ ಕಡೆಗೆ. ಜನ ತುಂಬಿ ಹೋಗಿದ್ದರು. ಹೆಂಗಸರು ರೇಷ್ಮೆ ಸೀರೆ ಉಟ್ಟು ಮಲ್ಲಿಗೆ ಮುಡಿದು ಬಂದಿದ್ದರು. ಮೈದಾನದಲ್ಲಿ ವಿಮಾನ ಇಳಿಸುತ್ತಾರಂತೆ ಎಂದು ಯಾರೋ ಹೇಳಿದ್ದನ್ನು ನಂಬಿ ದೂರದ ನೆರಿಯದಿಂದ ಒಂದು ಕುಟುಂಬ ಮಕ್ಕಳುಮರಿ ಕಟ್ಟಿಕೊಂಡು ಜೀಪಿನಲ್ಲಿ ಬಂದಿತ್ತು. ಅಧಿಕಾರಿಗೆ ಬ್ಯಾಂಡಿನ ಸ್ವಾಗತ ಆಯಿತು. ಬ್ಯಾಂಡ್ ಹೇಳಿದ್ದು ಯಾರು ಎಂದು ಇಂದಿಗೂ ಗೊತ್ತಿಲ್ಲ. ಗೌಜಿ ಎಂದ ಮೇಲೆ ಬ್ಯಾಂಡ್ ಇರಲೇಬೇಕು ಎಂದು ಅವರೇ ಬಂದಿದ್ದರೂ ಬಂದಿರಬಹುದು.

ಮಲಗಿ ಪ್ರಯೋಜನವಿಲ್ಲ ಎಂದು ನಾನೂ ಎದ್ದು, ನೈಟಿಯ ಮೇಲೆ ಶಾಲು ಹೊದ್ದು ಹೋಗಿ ಹಿಂದಿನ ಸಾಲಿನಲ್ಲಿ ಕೂತೆ.

ಅಧಿಕಾರಿ ಘಟ್ಟದ ಮೇಲಿನವರು, ಸಜ್ಜನ. ಮಲ್ಲಿಗೆ, ಬ್ಯಾಂಡು ಎಲ್ಲ ನೋಡಿ ಸ್ವಲ್ಪ ಗಾಬರಿಯಾದರೂ ತಮ್ಮ ವಿಷಯ ಬಿಡಲಿಲ್ಲ. ದೇಶಗಳು ಸೇರಿ ಒಪ್ಪಿಕೊಂಡ ಕ್ರಮವನ್ನು ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದರು. ಮೊದಲು ವಿಮಾನವೇ ಕಡಿಮೆ ಸದ್ದು ಮಾಡುವಂತೆ ಕಟ್ಟಬೇಕು. ಆಮೇಲೆ ನಿಲ್ದಾಣದ ಸುತ್ತ ಮನೆ, ಶಾಲೆ, ಆಸ್ಪತ್ರೆ ಎಲ್ಲೆಲ್ಲಿ ಕಟ್ಟಬಹುದು ಎಂದು ಯೋಚಿಸಬೇಕು. ಏರುವಾಗ, ಇಳಿಯುವಾಗ ಹೋಗುವ ದಾರಿ, ಇಂಜಿನಿನ ವೇಗ ಇವನ್ನೆಲ್ಲ ಹದ ಮಾಡಬೇಕು. ಇಷ್ಟೆಲ್ಲ ನೋಡಿದ ಮೇಲೂ ಸಾಲದಿದ್ದರೆ ಮಾತ್ರ ಇಂಥ ಹೊತ್ತಿಗೆ ಹಾರಬೇಡಿ ಎಂದು ತಡೆಯುವುದು. "ತಡೆಯೋದು ಸುಲಭ. ಆದ್ದರಿಂದಲೇ ಅದನ್ನ ಕೊನೆಗೆ ಇಟ್ಟಿದ್ದಾರೆ," ಎಂದರು. ಆ ಮಾತು ಆಗ ನನಗೆ ಅಷ್ಟಾಗಿ ನಾಟಲಿಲ್ಲ.

ಅಷ್ಟು ಹೊತ್ತೂ ಒಂದೇ ಒಂದು ವಿಮಾನ ಬರಲಿಲ್ಲ. ಕಾಕ ಆಗಾಗ ಆಕಾಶ ನೋಡುತ್ತಿದ್ದರು, ಸಾಕ್ಷಿದಾರ ಕೋರ್ಟಿಗೆ ಬಾರದೆ ಇದ್ದಾಗ ವಕೀಲರು ಬಾಗಿಲು ನೋಡುವ ಹಾಗೆ.

ನಂತರ ಕಾಕ ಎದ್ದು ಬೇಡಿಕೆ ಓದಿದರು: ರಾತ್ರಿಯ ವಿಮಾನಗಳನ್ನು ಹಗಲಿಗೆ ಬದಲಿಸಬೇಕು. ಜೋರು ಚಪ್ಪಾಳೆ. ನನ್ನ ಗಂಡನೂ ತಟ್ಟಿದರು. ನನಗೆ ಎಲ್ಲಿತ್ತೋ ಸಿಟ್ಟು, ಎದ್ದು ನಿಂತೆ.

"ಸರ್, ರಾತ್ರಿ ಅಂದರೆ ಯಾವಾಗ?"

"ಜನ ಮಲಗೋ ಹೊತ್ತು ಮೇಡಂ. ಎಲ್ಲಾ ಕಡೆ ಆ ಹೊತ್ತಿನ ಸದ್ದಿಗೇ ಜಾಸ್ತಿ ತೂಕ ಕೊಟ್ಟು ನೋಡ್ತಾರೆ."

"ನಾನು ಮಲಗುವ ಹೊತ್ತು ಇದು. ಈಗ."

ಜನ ನಕ್ಕರು. ಅಧಿಕಾರಿ ನಗಲಿಲ್ಲ, ನನ್ನ ಕೆಲಸ ಕೇಳಿ ತಿಳಿದುಕೊಂಡರು. "ನನಗೆ ತಿಳಿದ ಮಟ್ಟಿಗೆ ನಿಮ್ಮಂಥವರ ಬಗ್ಗೆ ಬೇರೆಯಾಗಿ ಏನೂ ಬರೆದಿಲ್ಲ ಮೇಡಂ," ಎಂದರು. ಆಮೇಲೆ ಇನ್ನೂ ಮೆಲ್ಲಗೆ, ಮೈಕಿನಿಂದ ಮುಖ ತಿರುಗಿಸಿ, ಆದರೂ ಮೈಕಿಗೆ ಕೇಳುವ ಹಾಗೆ, ಶಬ್ದ ಎಷ್ಟು ದೂರ ತಲುಪುತ್ತದೆ ಎಂದು ನಕ್ಷೆಯಲ್ಲಿ ಗೆರೆ ಎಳೆಯುತ್ತಾರೆ, ನಿಮ್ಮ ಊರು ಆ ಗೆರೆಯ ಹೊರಗೆ ಬೀಳುತ್ತದೆ ಎಂದೂ ಹೇಳಿದರು. ಅಂದರೆ ನಮ್ಮಲ್ಲಿ ಶಬ್ದ ಉಂಟು, ಆದರೆ ಇಲ್ಲ. ಕಾಕ ಕೈಯಲ್ಲಿದ್ದ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕಿಸೆಗೆ ಹಾಕಿದರು. ಎಲ್ಲರಿಗೂ ಉಪ್ಪಿಟ್ಟು, ಅವಲಕ್ಕಿ, ಚಾ ಆಯಿತು. ನೆರಿಯದವರು ಮಾತ್ರ ವಿಮಾನ ಎಷ್ಟು ಗಂಟೆಗೆ ಎಂದು ಹೋಗುವವರೆಗೂ ಕೇಳುತ್ತಿದ್ದರು.

ಸಂಜೆ ಕಾಕ ಮನೆಗೆ ಬಂದರು. ಮುಖ ಬಾಡಿತ್ತು.

"ನೀವು ಹಗಲು ಮಲಗುವವರು ಅಂತ ನನಗೆ ಗೊತ್ತಿಲ್ಲವಾ ಸಿಸ್ಟರ್? ಗೊತ್ತುಂಟು. ಆದರೆ ನೆನಪಾಗಲಿಲ್ಲ," ಎಂದರು. "ನನ್ನ ಹೆಂಡತಿ ಅಟ್ಯಾಕ್ ಆಗಿ ನಿಮ್ಮ ವಾರ್ಡಿನಲ್ಲಿ ಇದ್ದಾಗ ರಾತ್ರಿಯಿಡೀ ಕೂತು ನೋಡಿಕೊಂಡವರು ನೀವು. ನಾನು ನಿಮ್ಮ ತಲೆಯ ಮೇಲೆ ವಿಮಾನ ಹಾಕಲಿಕ್ಕೆ ಹೋದೆ."

"ಹೋಗಲಿ ಬಿಡಿ ಕಾಕ. ಗೆರೆಯ ಹೊರಗಿನವರು ನಾವು."

"ವಿಮಾನ ನಮ್ಮ ಕೈಯಲ್ಲಿ ಇಲ್ಲ. ಓಣಿ ಉಂಟಲ್ಲ? ಅದನ್ನು ನೋಡುವ."

ಆ ಮನುಷ್ಯ ಹೇಳಿದ್ದು ಮಾಡುವವರು. ಅಧಿಕಾರಿ ಹೇಳಿದ ಕ್ರಮವನ್ನೇ ಹಿಡಿದುಕೊಂಡು ಮನೆಮನೆಗೆ ಹೋದರು. ಮೀನಿನವನ ಸ್ಕೂಟರಿನ 'ಪೋಂ ಪೋಂ' ಓಣಿಯ ಬಾಯಿಯಲ್ಲೇ ನಿಂತಿತು. ಮೀನು ಬೇಕಾದವರು ಅಲ್ಲಿಗೇ ಹೋಗಬೇಕು. ಮೇಲಿನ ಮನೆಯವರ ಗ್ರೈಂಡರ್ ನನ್ನ ಕಿಟಕಿಯ ಬದಿಯಿಂದ ಎದ್ದು ಅವರದೇ ಹಿಂದಿನ ಚಾವಡಿಗೆ ಹೋಯಿತು. ರಿಕ್ಷಾದವನು ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡಿ ಸುಮ್ಮನೆ ಉರುಳಿಸಿಕೊಂಡು ಬರತೊಡಗಿದ. ಒಂಬತ್ತರಿಂದ ಮೂರರವರೆಗೆ ಓಣಿಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವ ಹಾಗಿಲ್ಲ ಎಂದೂ ಆಯಿತು. ದೇಶಗಳು ಕೊನೆಗೆ ಇಟ್ಟಿದ್ದ ತಡೆಯನ್ನು ನಮ್ಮ ಓಣಿ ಎಲ್ಲಕ್ಕಿಂತ ಮೊದಲು, ಮರುದಿನವೇ ಜಾರಿಗೆ ತಂದಿತು. ಬಾಯಿ ಮುಚ್ಚಲು ಖರ್ಚೇನೂ ಇಲ್ಲವಲ್ಲ.

ನನಗೆ ಕಣ್ಣು ತುಂಬಿ ಬಂತು, ಸುಳ್ಳು ಹೇಳುವುದಿಲ್ಲ. ಆಸ್ಪತ್ರೆಯಲ್ಲಿ ಎಷ್ಟು ಜನರ ನಿದ್ದೆ ಕಾದಿದ್ದೇನೋ, ನನ್ನ ನಿದ್ದೆಯನ್ನು ಕಾದವರು ಅದುವರೆಗೆ ಯಾರೂ ಇರಲಿಲ್ಲ. ಆಮೇಲೆ ಮಲಗಿದೆ ನೋಡಿ. ವಿಮಾನ ಬರುತ್ತಿತ್ತು, ಎಚ್ಚರವಾಗುತ್ತಿತ್ತು. ಆದರೆ ವಿಮಾನ ಬಂದಷ್ಟೇ ಬೇಗ ಹೋಗುವ ನೆಂಟ. ಅದು ಹೋದ ಮೇಲೆ ನನ್ನನ್ನು ಎಬ್ಬಿಸಿ ಕೂರಿಸುತ್ತಿದ್ದದ್ದು ಓಣಿಯೇ ಎಂದು ಓಣಿ ಸುಮ್ಮನಾದ ಮೇಲೆ ತಿಳಿಯಿತು. ಮುಖದ ಬಣ್ಣ ತಿರುಗಿತು, ವಾರ್ಡಿನಲ್ಲಿ ಕಣ್ಣು ನಿಚ್ಚಳವಾಯಿತು. ಜಗತ್ತಿನ ದೇಶಗಳಿಗೆ ಆಗದ್ದು ಒಂದು ಓಣಿಗೆ ಆಯಿತು ಎಂದು ಡ್ಯೂಟಿ ಡಾಕ್ಟರ ಹತ್ತಿರವೂ ಜಂಬ ಕೊಚ್ಚಿಕೊಂಡೆ.

ಅತ್ತೆ ಸೊರಗುತ್ತಿರುವುದು ನನ್ನ ಕಣ್ಣಿಗೆ ಬೀಳಲು ಎರಡು ಮೂರು ವಾರ ಹಿಡಿಯಿತು. ಅದಕ್ಕೆ ಕಾರಣ ಇತ್ತು: ನಾನು ನಿದ್ದೆಯಲ್ಲಿದ್ದೆ.

ಊಟ ಕಡಿಮೆಯಾಯಿತು. ಬೆಳಗಿನ ಹೊತ್ತು ಅಂಗಳದಲ್ಲಿ ಕಾಲು ನಿಲ್ಲದೆ ತಿರುಗುತ್ತಿದ್ದವರು ಒಳಗೆ ಗೋಡೆಗೆ ಒರಗಿ ಕೂರತೊಡಗಿದರು. ನಾನು ನರ್ಸಲ್ಲವೇ, ನರ್ಸು ಮಾಡುವುದನ್ನೆಲ್ಲ ಮಾಡಿದೆ. ಬಿ.ಪಿ. ನೋಡಿದೆ, ಶುಗರ್ ನೋಡಿದೆ, ರಕ್ತ ಕೊಟ್ಟು ಥೈರಾಯಿಡೂ ನೋಡಿಸಿದೆ. ಎಲ್ಲ ಸರಿ ಇತ್ತು. ಟಾನಿಕ್ ತಂದೆ. ಅತ್ತೆ ಒಂದು ದಿನ ಟಾನಿಕ್ಕಿನ ಚಮಚವನ್ನು ಕೈಯಿಂದ ಸರಿಸಿ ನನ್ನನ್ನೇ ನೋಡಿದರು.

"ನಾವು ಊರಿನವರಿಗೆ ಎಂತಾದರೂ ಕೆಟ್ಟದು ಮಾಡಿದ್ದೇವಾ?"

ನನಗೆ ಅರ್ಥವಾಗಲಿಲ್ಲ.

"ಯಾರೂ ನನ್ನೊಟ್ಟಿಗೆ ಮಾತಾಡುವುದಿಲ್ಲ ಈಗ. ಅವಳಂತೂ ನಾನು ಬಾಯಿ ತೆರೆದ ಕೂಡಲೇ ಹೀಗೆ ಮಾಡ್ತಾಳೆ." ಎಂದವರು ತೋರುಬೆರಳನ್ನು ತುಟಿಯ ಮೇಲೆ ಇಟ್ಟು ತೋರಿಸಿದರು. "ಸುಮ್ಮನಿರು ಅಂತ. ಇಷ್ಟು ವರ್ಷದ ಮೇಲೆ ನನಗೆ ಹಾಗೆ ಮಾಡುವುದಾ?"

ಅವಳು ಎಂದರೆ ಕಾಕನ ಹೆಂಡತಿ. ಅತ್ತೆಯ ಕಿವಿ ಬಹಳ ಮಂದ. ಮಾಡಿಸಿಕೊಟ್ಟ ಯಂತ್ರವನ್ನು ಕಿವಿಯೊಳಗೆ ಜೀರುಂಡೆ ಕೂತ ಹಾಗೆ ಆಗ್ತದೆ ಎಂದು ತೆಗೆದಿಟ್ಟಿದ್ದರು. ಅವರ ಹತ್ತಿರ ಮಾತಾಡುವುದೆಂದರೆ ಕೂಗುವುದೇ. ಇಬ್ಬರೂ ಕಂಪೌಂಡಿನ ಆಚೆ ಈಚೆ ನಿಂತು ದಿನಾ ಬೆಳಿಗ್ಗೆ ಊರಿಗೆಲ್ಲ ಕೇಳುವ ಹಾಗೆ ಮಾತಾಡುತ್ತಿದ್ದರು: ಇವತ್ತು ಊಟಕ್ಕೆ ಪದಾರ್ಥ ಎಂತದು, ಬಂಗುಡೆ ತಾಜಾ ಉಂಟಾ, ದುಬೈಯಿಂದ ಫೋನ್ ಬಂತಾ, ಕಾಲು ನೋವು ಹೇಗುಂಟು. ನಿನ್ನೆ ಕೇಳಿದ್ದೇ ಇವತ್ತೂ, ನಾಳೆಯೂ. ಅದು ನನ್ನ ನಿದ್ದೆಯನ್ನು ಹಾಳುಮಾಡುವ ಗಲಾಟೆ ಎಂದೇ ನಾನು ತಿಳಿದಿದ್ದೆ. ಅತ್ತೆಗೆ ಇಡೀ ಹಗಲಿನಲ್ಲಿ ಕೇಳಿಸುತ್ತಿದ್ದ ಮನುಷ್ಯರ ಮಾತು ಅದೊಂದೇ.

ಓಣಿಯ ಒಪ್ಪಂದವನ್ನು ಎಲ್ಲರಿಗೂ ಹೇಳಿ ಒಪ್ಪಿಸಿದ್ದೆವು. ಅತ್ತೆಗೆ ಹೇಳಿರಲಿಲ್ಲ. ಅವರಿಗೆ ಹೇಳಬೇಕಾದರೆ ಕೂಗಬೇಕಿತ್ತು, ಯಾರಿಗೂ ತೋಚಲಿಲ್ಲ. ಹಗಲು ಮಲಗುವವಳನ್ನು ಮರೆತು ರಾತ್ರಿಯ ವಿಮಾನವನ್ನು ಹಗಲಿಗೆ ದೂಡಹೊರಟ ಸಭೆಯಲ್ಲಿ ಎದ್ದು ನಿಂತು ನ್ಯಾಯ ಕೇಳಿದವಳು ನಾನು. ನನಗೆ ಬೇಕಾದ ನಿಶ್ಶಬ್ದ ಯಾರ ಪಾಲಿನಿಂದ ಕಿತ್ತದ್ದು ಎಂದು ನಾನೂ ಕೇಳಿರಲಿಲ್ಲ. ಅವರೊಬ್ಬರೇ ಇರಬಾರದು ಎಂದು ಪಾಳಿ ಬದಲಿಸಿಕೊಂಡು, ನಾನು ಮನೆಯೊಳಗೆ ಇರುವಾಗಲೇ ಅವರನ್ನು ಒಬ್ಬಂಟಿ ಮಾಡಿದ್ದೆ. ನಾಚಿಕೆಯಾಯಿತು. ಅತ್ತೆಯ ಕಿವಿಗೆ ಬಾಯಿ ಇಟ್ಟು, ಎಲ್ಲ ನನ್ನ ನಿದ್ದೆಗಾಗಿ ಮಾಡಿದ್ದು, ಯಾರಿಗೂ ನಿಮ್ಮ ಮೇಲೆ ಕೋಪ ಇಲ್ಲ ಎಂದು ಬಿಡಿಸಿ ಹೇಳಿದೆ. ಅವರು ತಲೆ ಆಡಿಸಿದರು.

"ಹಾಗಾದರೆ ಅವಳಿಗೆ ಕೋಪ ಇಲ್ಲ," ಎಂದು ಎರಡು ಸಲ ಹೇಳಿಕೊಂಡರು.

ಆಮೇಲೆ ಕಂಪೌಂಡಿನ ಹತ್ತಿರ ಹೋಗಿ ಕಾಕನ ಹೆಂಡತಿಯನ್ನು ಕರೆದೆ. ನಾಳೆಯಿಂದ ಮೊದಲಿನ ಹಾಗೆ ಅತ್ತೆಯೊಟ್ಟಿಗೆ ಮಾತಾಡಿ, ಕೂಗಿಯೇ ಮಾತಾಡಿ ಎಂದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳತೊಡಗಿದರು. ಮಾತಿಲ್ಲದೆ ಅವರಿಗೂ ಹೊಟ್ಟೆ ಉಬ್ಬಿತ್ತಂತೆ. ಕಾಕನಿಗೆ ಮಾತ್ರ ಸರಿ ಬರಲಿಲ್ಲ.

"ನಿಮ್ಮ ನಿದ್ದೆ?" ಎಂದು ಕೇಳಿದರು. "ಒಪ್ಪಂದ ಅಂದ ಮೇಲೆ ಒಪ್ಪಂದ. ಒಂದು ಕಡೆ ಬಿಟ್ಟರೆ ನಾಳೆ ಮೀನಿನವನೂ ಬರ್ತಾನೆ."

"ಬರಲಿ ಕಾಕ. ಒಪ್ಪಂದಕ್ಕೆ ಮೊದಲು ನಾವು ಅತ್ತೆಯನ್ನು ಕೇಳಿದ್ದೇವಾ?"

ಕಾಕ ಒಳಗೆ ಹೋದರು.

ಮರುದಿನ ಬೆಳಿಗ್ಗೆ ಡ್ಯೂಟಿಯಿಂದ ಬಂದು ಮಲಗಿದವಳು ಕಣ್ಣು ಮುಚ್ಚದೆ ಕಾದೆ. ಒಂದು ವಿಮಾನ ಹೋಯಿತು. ಅದರ ಹಿಂದೆಯೇ ಕಂಪೌಂಡಿನ ಆಚೆಯಿಂದ ಆ ಸ್ವರ ಬಂತು: "ಒಣಸ್ ಆಂಡಾ?" ಊಟ ಆಯಿತಾ ಎಂದು. ಬೆಳಗಿನ ಹತ್ತು ಗಂಟೆಗೆ ಯಾರ ಊಟವೂ ಆಗಿರುವುದಿಲ್ಲ, ನಮ್ಮಲ್ಲಿ ಹಾಗೆ ಕೇಳುವುದು ಕ್ರಮ. ಅತ್ತೆಯ ಉತ್ತರ ಬರಲಿಲ್ಲ. ಇನ್ನೊಮ್ಮೆ ಇನ್ನೂ ಜೋರಾಗಿ ಕೇಳಿತು. ಆಗಲೂ ಇಲ್ಲ. ನಾನು ಎದ್ದು ಬೆಡ್‌ಶೀಟಿನ ಅಂಚು ಸರಿಸಿ ನೋಡಿದೆ.

ಅತ್ತೆ ಅಂಗಳದ ನಡುವೆ, ಬಿಸಿಲಲ್ಲಿ ನಿಂತಿದ್ದರು. ಮುಖ ಅರಳಿತ್ತು. ಗೆಳತಿಯನ್ನು ನೋಡಿ, ತೋರುಬೆರಳನ್ನು ತುಟಿಯ ಮೇಲೆ ಇಟ್ಟುಕೊಂಡು, ಇನ್ನೊಂದು ಕೈಯಿಂದ ನನ್ನ ಕಿಟಕಿಯನ್ನು ತೋರಿಸುತ್ತಿದ್ದರು.

ನಾನು ಕಟ್ಟಿದ ಬೆಡ್‌ಶೀಟನ್ನು ಕಿತ್ತು, ಕಿಟಕಿ ತೆರೆದು, ವಾರ್ಡಿನಲ್ಲಿ ಎಂದೂ ಎತ್ತದ ಸ್ವರ ಎತ್ತಿ ಕೂಗಿದೆ. "ಅತ್ತೆ, ನಾನು ಮಲಗಿಲ್ಲ. ನೀವು ಮಾತಾಡಿ."

ಅವರಿಗೆ ಕೇಳಿಸಲಿಲ್ಲ. ಕಾಕನ ಹೆಂಡತಿ ಅದನ್ನೇ ಇನ್ನೂ ಗಟ್ಟಿಯಾಗಿ ಕೂಗಿ ಹೇಳಬೇಕಾಯಿತು.